ಎಂಜಿನ್ ಉಸಿರು ಬಿಡುವ ದಾರಿ

ಹೊಸ ಸ್ಪೋರ್ಟ್ಸ್ ಬೈಕ್ ಮನೆಗೆ ಬಂದ ಕೆಲವೇ ವಾರಗಳಲ್ಲಿ ಸೈಲೆನ್ಸರ್ ಬದಲಿಸುವ ಮಾತು ಶುರುವಾಗುತ್ತದೆ. ಆ ಪೈಪಿನೊಳಗೆ ನಡೆಯುವುದೇನು? ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು?

1961ರ ಸೆಪ್ಟೆಂಬರ್. ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ 125 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ನ ರೇಸ್. ಅಂಕಪಟ್ಟಿಯಲ್ಲಿ ಮುಂದಿದ್ದವನು ಪೂರ್ವ ಜರ್ಮನಿಯ ಎಂಝಡ್ ತಂಡದ ಎರ್ನ್ಸ್ಟ್ ಡೆಗ್ನರ್. ಎಂಜಿನ್ ಕೈಕೊಟ್ಟು ಅವನ ರೇಸ್ ಅರ್ಧಕ್ಕೇ ಮುಗಿಯಿತು. ಅದೇ ಹೊತ್ತಿಗೆ ಅವನ ಹೆಂಡತಿ ಮಕ್ಕಳು ಗುಟ್ಟಾಗಿ ಗಡಿ ದಾಟಿ ಪಶ್ಚಿಮ ಜರ್ಮನಿ ಸೇರುತ್ತಿದ್ದರು. ಡೆಗ್ನರ್ ತಂಡಕ್ಕೆ ಮರಳಲಿಲ್ಲ. ಪಶ್ಚಿಮಕ್ಕೆ ಹೋದ, ಅಲ್ಲಿಂದ ಜಪಾನಿನ ಸುಜುಕಿ ಕಂಪನಿಗೆ ಸೇರಿದ. ಮರುವರ್ಷ, 1962ರಲ್ಲಿ, ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ತಂದುಕೊಟ್ಟವನು ಅವನೇ.

ಡೆಗ್ನರ್ ಜೊತೆ ಸುಜುಕಿಗೆ ಹೋದದ್ದು ಎಂಝಡ್‌ನ ಎಂಜಿನಿಯರ್ ವಾಲ್ಟರ್ ಕಾಡೆನ್ ವರ್ಷಗಟ್ಟಲೆ ತಿದ್ದಿ ತೀಡಿದ ಟು-ಸ್ಟ್ರೋಕ್ ವಿದ್ಯೆ. ಕಾಡೆನ್ 125 ಸಿಸಿ ಎಂಜಿನ್‌ನಿಂದ 25 ಅಶ್ವಶಕ್ತಿ ಹೊರಡಿಸಿದ್ದ. ಲೀಟರ್ ಲೆಕ್ಕದಲ್ಲಿ 200. ಆ ಕಾಲಕ್ಕೆ ಅದು ನಂಬಲಾಗದ ಅಂಕಿ. ಅದರ ಹಿಂದಿದ್ದ ದೊಡ್ಡ ಗುಟ್ಟುಗಳಲ್ಲಿ ಒಂದು, ಎಂಜಿನ್‌ಗೆ ಹೊರಗಿನಿಂದ ಜೋಡಿಸಿದ ತಗಡಿನ ಕೊಳವೆ. ನಡುವೆ ಹೊಟ್ಟೆ ಉಬ್ಬಿ ತುದಿಯಲ್ಲಿ ಮತ್ತೆ ಕಿರಿದಾಗುವ ಎಕ್ಸ್‌ಪ್ಯಾನ್ಷನ್ ಚೇಂಬರ್. ಸೈಲೆನ್ಸರ್ ಎಂದರೆ ಹೊಗೆ ಹೊರಹಾಕುವ ಡಬ್ಬಿಯಲ್ಲ, ಎಂಜಿನ್‌ನ ಅಂಗ ಎಂಬುದನ್ನು ರೇಸಿಂಗ್ ಜಗತ್ತಿಗೆ ಕಾಡೆನ್ ಕೆಲಸದಷ್ಟು ಗಟ್ಟಿಯಾಗಿ ತೋರಿಸಿಕೊಟ್ಟದ್ದು ಕಡಿಮೆ.

ಟು-ಸ್ಟ್ರೋಕ್ ಬೈಕಿನ ಜೊತೆ ಕರ್ನಾಟಕದ ನಂಟು ಹಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಜಾವಾ, ಯೆಜ್ಡಿಗಳು ಹೊರಬಂದವು. ಯಮಹಾ ಆರ್‌ಎಕ್ಸ್ 100ಕ್ಕೆ ಬೆಂಗಳೂರಿನಲ್ಲಿ ಇಂದಿಗೂ ಭಕ್ತರಿದ್ದಾರೆ. ಗುಜರಿಗೆ ಹೋಗಬೇಕಿದ್ದ ಗಾಡಿಗಳು ಹೊಸ ಬೈಕಿನ ಬೆಲೆಗೆ ಮಾರಾಟವಾಗುತ್ತವೆ. ಈ ಗಾಡಿಗಳನ್ನು ಬಿಚ್ಚಿ ಜೋಡಿಸಿ ಬೆಳೆದ ಒಂದು ತಲೆಮಾರಿನ ಮೆಕ್ಯಾನಿಕ್‌ಗಳಿಗೆ ‘ಸೈಲೆನ್ಸರ್ ಬದಲಿಸಿದರೆ ಪಿಕಪ್ ಬರುತ್ತೆ’ ಎನ್ನುವುದು ಕಣ್ಣಾರೆ ಕಂಡ ಸತ್ಯ. ಟು-ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ದ್ವಾರಕ್ಕೆ ಪ್ರತ್ಯೇಕ ವಾಲ್ವ್ ಇಲ್ಲ. ಒಳಬಂದ ತಾಜಾ ಮಿಶ್ರಣ ಹೊಗೆಯ ಜೊತೆ ಹೊರಗೆ ಸೋರಿಹೋಗದಂತೆ ತಡೆದು ಹಿಂದಕ್ಕೆ ತಳ್ಳುವ ಕೆಲಸ ಪೈಪಿನದ್ದೇ. ಹಾಗಾಗಿ ಅಲ್ಲಿ ಪೈಪು ಬದಲಾದರೆ ಎಂಜಿನ್ ಸ್ವಭಾವವೇ ಬದಲಾಗುತ್ತದೆ.

ಆದರೆ ಅದೇ ನಂಬಿಕೆಯನ್ನು ಇಂದಿನ ಫೋರ್-ಸ್ಟ್ರೋಕ್, ಫ್ಯೂಯಲ್ ಇಂಜೆಕ್ಷನ್, ಬಿಎಸ್6 ಗಾಡಿಗೆ ಹಾಗೇ ಅಂಟಿಸಿ ಸಾವಿರಾರು ರೂಪಾಯಿ ಸುರಿಯುವವರನ್ನು ನೋಡಿದರೆ ಸಂಕಟವಾಗುತ್ತದೆ. ಇಲ್ಲಿ ವಾಲ್ವ್‌ಗಳಿವೆ, ಕ್ಯಾಮ್ ಇದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಇದೆ. ಪೈಪಿನ ಪಾಲು ಇಲ್ಲಿಯೂ ನಿಜ, ಆದರೆ ಅದು ಚಿಕ್ಕದು ಮತ್ತು ಬೇರೆ ಥರದ್ದು. ಅದನ್ನು ಅರ್ಥ ಮಾಡಿಕೊಳ್ಳದೆ ಆರಿಸಿದ ಸೈಲೆನ್ಸರ್ ಎಷ್ಟೇ ದುಬಾರಿಯದಾದರೂ ಗಾಡಿಯನ್ನು ನಿಧಾನ ಮಾಡಬಲ್ಲದು.

ಅಲೆಯ ಲೆಕ್ಕ

ಪಿಸ್ಟನ್ ಇನ್ನೂ ಕೆಳಗಿಳಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಸಿಲಿಂಡರ್‌ನಲ್ಲಿ ಒತ್ತಡ ಬಾಕಿ ಇರುತ್ತದೆ. ಅದು ಎಂಜಿನ್ನಿಂದ ಹೊರಡುವ ಬೆಂಡ್ ಪೈಪಿನೊಳಕ್ಕೆ ನುಗ್ಗಿ ಅಲೆಯಾಗಿ ಓಡುತ್ತದೆ. ಬಿಸಿ ಅನಿಲದಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಹೊಗೆ ಅದರ ಹಿಂದೆ ನಿಧಾನವಾಗಿ ಬರುತ್ತಿರುತ್ತದೆ. ಪೈಪು ಒಮ್ಮೆಗೇ ಅಗಲವಾಗುವ ಜಾಗ ಸಿಕ್ಕೊಡನೆ ಅಲೆ ಮಗುಚಿ ಎಂಜಿನ್ ಕಡೆಗೆ ಹಿಂದಿರುಗುತ್ತದೆ. ಹೋಗುವಾಗ ಒತ್ತಡವಾಗಿದ್ದದ್ದು ಬರುವಾಗ ಎಳೆತವಾಗಿರುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮುನ್ನ, ಇಂಟೇಕ್ ವಾಲ್ವ್ ತೆರೆಯಲು ಶುರುವಾದ ಆ ಚೂರು ಹೊತ್ತಿನಲ್ಲಿ ಈ ಎಳೆತ ಬಂದು ತಲುಪಿದರೆ, ಸಿಲಿಂಡರ್‌ನಲ್ಲಿ ಉಳಿದ ಹೊಗೆ ಹೊರಗೆ ಸೆಳೆದುಹೋಗಿ ಹೊಸ ಗಾಳಿ ತಾನಾಗಿ ಒಳಕ್ಕೆ ಬರುತ್ತದೆ. ಪಂಪು ಇಲ್ಲದೆ, ಟರ್ಬೋ ಇಲ್ಲದೆ ಸಿಗುವ ಉಚಿತ ಶಕ್ತಿ ಇದು.

ಅಂದಾಜಿನ ಲೆಕ್ಕವೊಂದನ್ನು ಹಾಕೋಣ. 10,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಮುಗಿಸಲು 6 ಮಿಲಿಸೆಕೆಂಡ್ ಬೇಕು. ಎಕ್ಸಾಸ್ಟ್ ವಾಲ್ವ್ ತೆರೆದ ಗಳಿಗೆಯಿಂದ ಎರಡೂ ವಾಲ್ವ್ ಚೂರು ಚೂರು ತೆರೆದಿರುವ ಗಳಿಗೆಯವರೆಗೆ ಸುಮಾರು 240 ಡಿಗ್ರಿ ಎಂದಿಟ್ಟುಕೊಂಡರೆ, ಅದು 4 ಮಿಲಿಸೆಕೆಂಡ್. ಅಷ್ಟರಲ್ಲಿ ಅಲೆ 2 ಮೀಟರ್ ಓಡುತ್ತದೆ, ಹೋಗುವುದಕ್ಕೊಂದು, ಬರುವುದಕ್ಕೊಂದು. ಅಂದರೆ 10,000ಕ್ಕೆ ಹೊಂದುವ ಪೈಪಿನ ಉದ್ದ ಸರಿಸುಮಾರು 1 ಮೀಟರ್. ಈಗ ಅದೇ ಲೆಕ್ಕವನ್ನು 5,000 ಆರ್‌ಪಿಎಂಗೆ ಹಾಕಿ. ಸಮಯ ಎರಡು ಪಟ್ಟಾಗುತ್ತದೆ, ಬೇಕಾದ ಉದ್ದ 2 ಮೀಟರ್ ಆಗುತ್ತದೆ. ನಿಜವಾದ ಎಂಜಿನ್‌ನಲ್ಲಿ ಅಲೆಗಳು ಹಲವು ಸಲ ಹೋಗಿ ಬರುತ್ತವೆ, ಪೈಪುಗಳು ಕೂಡುವಲ್ಲೆಲ್ಲ ಒಡೆಯುತ್ತವೆ, ಲೆಕ್ಕ ಇಷ್ಟು ಸಲೀಸಲ್ಲ. ಆದರೂ ತಿರುಳು ಇದೇ: ಒಂದು ಪೈಪು ಒಂದು ಆರ್‌ಪಿಎಂ ವಲಯಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಆ ವಲಯದ ಹೊರಗೆ ಮರಳಿ ಬಂದ ಅಲೆ ತಪ್ಪು ಹೊತ್ತಿಗೆ ತಲುಪಿ ಹೊಗೆಯನ್ನೇ ಒಳಕ್ಕೆ ತಳ್ಳಬಹುದು. ಟಾರ್ಕ್ ನಕ್ಷೆಯಲ್ಲಿ ಕಾಣುವ ಹಳ್ಳ ಹುಟ್ಟುವುದು ಹೀಗೆ.

‘ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಷರ್ ಬೇಕೇ ಬೇಕು’ ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಯಾವ ಎಂಜಿನ್‌ಗೂ ಹೊಗೆ ಹೊರಹಾಕುವಾಗ ಎದುರೊತ್ತಡ ಬೇಕಿಲ್ಲ. ಬೇಕಿರುವುದು ಪೈಪಿನಲ್ಲಿ ಅನಿಲದ ವೇಗ ಮತ್ತು ಸರಿಯಾದ ಹೊತ್ತಿಗೆ ಮರಳುವ ಅಲೆ. ತೀರಾ ದಪ್ಪ ಪೈಪು ಹಾಕಿದರೆ ಅನಿಲ ನಿಧಾನವಾಗಿ ಕೆಳ ಆರ್‌ಪಿಎಂನಲ್ಲಿ ಎಳೆತ ಬೀಳುತ್ತದೆ. ಹಾಗೆ ಬಿದ್ದದ್ದನ್ನು ಕಂಡವರು ಅದಕ್ಕೆ ಬ್ಯಾಕ್ ಪ್ರೆಷರ್ ಹೋಯಿತು ಎಂಬ ಕಾರಣ ಕೊಟ್ಟರು. ಅವರು ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಬ್ಯಾಕ್ ಪ್ರೆಷರ್ ನಂಬಿದ ಮೆಕ್ಯಾನಿಕ್ ಪೈಪಿನ ಬಾಯಿಗೆ ತಗಡಿನ ಚೂರು ಬೆಸೆದು ‘ಸರಿಮಾಡಿದೆ’ ಎನ್ನುತ್ತಾನೆ. ಪೈಪಿನ ಉದ್ದ, ವ್ಯಾಸ, ಕೂಡುವ ಜಾಗ ತಪ್ಪಿದ್ದರೆ ಅದರಿಂದ ಏನೂ ಸರಿಯಾಗದು.

ಈ ಅಲೆಗಳನ್ನು ಒಂದಕ್ಕೊಂದು ನೆರವಾಗುವಂತೆ ಜೋಡಿಸುವ ಕಲೆಯನ್ನು ನಾಲ್ಕು ಸಿಲಿಂಡರ್ ಬೈಕಿನಲ್ಲಿ ಜನಪ್ರಿಯ ಮಾಡಿದವರು ಜಪಾನಿನ ಹಿಡಿಯೊ ಯೋಶಿಮುರಾ. ಯುದ್ಧದ ನಂತರ ಅಮೆರಿಕನ್ ಸೈನಿಕರ ಬೈಕುಗಳನ್ನು ಟ್ಯೂನ್ ಮಾಡುತ್ತ ಹೆಸರಾದ ಇವರನ್ನು ಎಲ್ಲರೂ ಪಾಪ್ ಎಂದೇ ಕರೆಯುತ್ತಿದ್ದರು. 1970ರ ದಶಕದ ಆರಂಭದಲ್ಲಿ ಹೋಂಡಾ ಸಿಬಿ 750ರ ನಾಲ್ಕು ಬೆಂಡ್ ಪೈಪುಗಳನ್ನು ಒಂದೇ ಕಡೆ ಕೂಡಿಸಿ ಒಂದೇ ಸೈಲೆನ್ಸರ್‌ಗೆ ಬಿಟ್ಟರು. ಒಂದು ಸಿಲಿಂಡರ್‌ನ ಹೊಗೆ ಹೊರಟ ರಭಸ ಪಕ್ಕದ ಸಿಲಿಂಡರ್‌ಗೆ ಎಳೆತವಾಯಿತು. ಜೊತೆಗೆ ಮೂರು ಸೈಲೆನ್ಸರ್‌ಗಳ ತೂಕವೂ ಇಳಿಯಿತು. 1978ರಲ್ಲಿ ಮೊತ್ತಮೊದಲ ಸುಜುಕಾ 8 ಗಂಟೆ ರೇಸಿನಲ್ಲಿ ಈ ಚಿಕ್ಕ ತಂಡದ ಸುಜುಕಿ ಜಿಎಸ್ 1000, ವೆಸ್ ಕೂಲಿ ಮತ್ತು ಮೈಕ್ ಬಾಲ್ಡ್‌ವಿನ್ ಸವಾರಿಯಲ್ಲಿ, ಹೋಂಡಾದ ಕಾರ್ಖಾನೆ ತಂಡವನ್ನು ಅದರ ಮನೆಯಂಗಳದಲ್ಲೇ ಸೋಲಿಸಿತು. ಇಂದು ಯಾವ ನಾಲ್ಕು ಸಿಲಿಂಡರ್ ಸ್ಪೋರ್ಟ್ಸ್ ಬೈಕಿನ ಅಡಿಗೆ ಇಣುಕಿದರೂ ಪೈಪುಗಳು ಕೂಡುವ ಆ ವಿನ್ಯಾಸ ಕಾಣುತ್ತದೆ. ನಾಲ್ಕೂ ನೇರ ಒಂದರಲ್ಲಿ ಕೂಡಿದರೆ ಮೇಲಿನ ಆರ್‌ಪಿಎಂಗೆ ಒಲವು. ನಾಲ್ಕು ಎರಡಾಗಿ, ಎರಡು ಒಂದಾದರೆ ನಡುವಿನ ಆರ್‌ಪಿಎಂ ತುಂಬಿಕೊಳ್ಳುತ್ತದೆ.

ಕಾರ್ಖಾನೆಯವರು ಪೆದ್ದರಲ್ಲ

‘ಸ್ಟಾಕ್ ಸೈಲೆನ್ಸರ್ ಎಂಜಿನ್‌ನ ಕತ್ತು ಹಿಸುಕುತ್ತದೆ’ ಎಂಬ ಮಾತು ಹತ್ತಿಪ್ಪತ್ತು ವರ್ಷದ ಹಿಂದೆ ಕೆಲವು ಗಾಡಿಗಳಿಗೆ ನಿಜವಿತ್ತು. ಈಗಿನ ಬೈಕ್ ಕಂಪನಿಗಳು ತಮ್ಮ ಎಂಜಿನಿಯರುಗಳಿಂದ ಬೆಂಡ್ ಪೈಪಿನ ಉದ್ದ, ವ್ಯಾಸ, ಕೂಡುವ ಜಾಗ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಅಲೆಯಲೆಯಾಗಿ ಲೆಕ್ಕ ಹಾಕಿಸುತ್ತವೆ. ಯಮಹಾ 1980ರ ದಶಕದಲ್ಲೇ ಎಕ್ಸಾಸ್ಟ್ ಪೈಪಿನೊಳಗೆ ಆರ್‌ಪಿಎಂಗೆ ತಕ್ಕಂತೆ ತಿರುಗುವ ವಾಲ್ವ್ ಇಟ್ಟು ಎಕ್ಸ್‌ಅಪ್ ಎಂದು ಹೆಸರಿಟ್ಟಿತು. ಒಂದೇ ಪೈಪು ಕೆಳಗೂ ಮೇಲೂ ಹೊಂದುವಂತೆ ಮಾಡುವ ಉಪಾಯ ಅದು. ಇಂಥ ಸರ್ವೋ ವಾಲ್ವ್ ಇಂದಿನ ಬಹಳಷ್ಟು ದೊಡ್ಡ ಬೈಕುಗಳಲ್ಲಿದೆ. ಹೊಸ ಸೈಲೆನ್ಸರ್ ಹಾಕುವಾಗ ಅದನ್ನು ಕಿತ್ತರೆ ಮೀಟರ್‌ನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ, ಕೆಳ ಆರ್‌ಪಿಎಂನಲ್ಲಿ ಗಾಡಿ ಮೊದಲಿಗಿಂತ ಸಪ್ಪೆಯೂ ಆಗಬಹುದು.

ಆದ್ದರಿಂದ ಮೊದಲ ಪ್ರಶ್ನೆ ‘ಯಾವ ಬ್ರ್ಯಾಂಡ್’ ಎಂಬುದಲ್ಲ, ‘ಗಾಡಿ ಎಲ್ಲಿ ಓಡುತ್ತದೆ’ ಎಂಬುದು. ಕವಾಸಕಿ ನಿಂಜಾ 300 ತನ್ನ 39 ಪಿಎಸ್ ಕೊಡುವುದು 11,000 ಆರ್‌ಪಿಎಂನಲ್ಲಿ. ಹೊಸೂರು ರಸ್ತೆಯಲ್ಲಿ, ಹೆಬ್ಬಾಳದ ಫ್ಲೈಓವರಿನಲ್ಲಿ, ಮಂಗಳೂರಿನ ಪಂಪ್‌ವೆಲ್ ಸರ್ಕಲ್ಲಿನಲ್ಲಿ ಯಾರೂ ಆ ಮಟ್ಟ ಮುಟ್ಟುವುದಿಲ್ಲ. ದಿನದ ಓಡಾಟವೆಲ್ಲ 3,000ದಿಂದ 7,000ದೊಳಗೆ. ಮೇಲ್ತುದಿಯಲ್ಲಿ 2 ಅಶ್ವಶಕ್ತಿ ಸೇರಿಸಿ 5,000ದಲ್ಲಿ ಟಾರ್ಕ್ ಕಳೆಯುವ ಪೈಪು ರೇಸ್ ಟ್ರ್ಯಾಕಿಗೆ ಲಾಭ, ರಸ್ತೆಗೆ ನಷ್ಟ. ಮಾರುವವರು ತೋರಿಸುವುದು ಮೇಲ್ತುದಿಯ ಅಂಕಿಯನ್ನು ಮಾತ್ರ.

ಸೈಲೆನ್ಸರ್ ಕೊಳ್ಳುವವರ ಮುಂದೆ ಇರುವ ದಾರಿ ಎರಡು. ಸ್ಲಿಪ್-ಆನ್ ಎಂದರೆ ಕೊನೆಯ ಡಬ್ಬಿಯನ್ನಷ್ಟೇ ಬದಲಿಸುವುದು. ಹೆಚ್ಚಿನ ಗಾಡಿಗಳಲ್ಲಿ ಬೆಂಡ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಆಕ್ಸಿಜನ್ ಸೆನ್ಸರ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಇದರಿಂದ ಶಕ್ತಿ ಹೆಚ್ಚುವುದು ಹೇಳಿಕೊಳ್ಳುವಷ್ಟಿಲ್ಲ. ಆದರೆ ತೂಕ ಇಳಿಯುತ್ತದೆ. ಗಾಡಿಯ ಹಿಂಬದಿಯಲ್ಲಿ, ಎತ್ತರದಲ್ಲಿ, ಒಂದು ಪಕ್ಕಕ್ಕೆ ನೇತುಬಿದ್ದ ಒಂದೆರಡು ಕಿಲೋ ಕಡಿಮೆಯಾದರೆ ತಿರುವಿನಿಂದ ತಿರುವಿಗೆ ಗಾಡಿ ಮಲಗಿಸುವಾಗ ಅದು ಅನುಭವಕ್ಕೆ ಬರುತ್ತದೆ. ಫುಲ್ ಸಿಸ್ಟಮ್ ಎಂದರೆ ಎಂಜಿನ್ ತಲೆಯಿಂದ ಹಿಡಿದು ಬಾಲದವರೆಗೆ ಎಲ್ಲ ಹೊಸದು. ನಿಜವಾದ ಶಕ್ತಿ ಬದಲಾವಣೆ ಸಿಗುವುದು ಇಲ್ಲಿ, ಅದೂ ಫ್ಯೂಯಲ್ ಮ್ಯಾಪ್, ಅಂದರೆ ಇಸಿಯುವಿನಲ್ಲಿರುವ ಪೆಟ್ರೋಲಿನ ಪಟ್ಟಿ, ಬದಲಿಸಿದರೆ ಮಾತ್ರ. ಫುಲ್ ಸಿಸ್ಟಮ್‌ಗಳಲ್ಲಿ ಬಹುಪಾಲು ಕ್ಯಾಟ್ ಇರುವುದಿಲ್ಲ.

ಕ್ಯಾಟ್ ಬಗ್ಗೆ ನನ್ನ ನಿಲುವು ಖಡಕ್ಕಾಗಿದೆ: ರಸ್ತೆಯ ಗಾಡಿಯಿಂದ ಅದನ್ನು ಕೀಳಬಾರದು. ಸಾವಿರಾರು ಸಣ್ಣ ಕಿಂಡಿಗಳ ಆ ದಿಮ್ಮಿಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿದೆ. ಬಿಸಿಯೇರಿದ ಮೇಲೆ ಅದು ಕಾರ್ಬನ್ ಮಾನಾಕ್ಸೈಡನ್ನು, ಉರಿಯದ ಪೆಟ್ರೋಲನ್ನು, ನೈಟ್ರೋಜನ್ ಆಕ್ಸೈಡುಗಳನ್ನು ಬಹುಮಟ್ಟಿಗೆ ನಿರುಪದ್ರವಿ ಅನಿಲಗಳಾಗಿ ಮಾರ್ಪಡಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ನಿಯಮ ಪೆಟ್ರೋಲ್ ಬೈಕಿಗೆ ಕಿಲೋಮೀಟರಿಗೆ 60 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡ್ ಬಿಡಲು ಅವಕಾಶ ಕೊಡುವುದಿಲ್ಲ. ಕ್ಯಾಟ್ ಇಲ್ಲದೆ ಆ ಮಿತಿಯೊಳಗೆ ಇರುವುದು ಅಸಾಧ್ಯದ ಮಾತು. ಸಿಗ್ನಲ್ಲಿನಲ್ಲಿ ನಮ್ಮ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು, ಮುಂದೆ ಮಗುವನ್ನು ನಿಲ್ಲಿಸಿಕೊಂಡ ತಾಯಿ ನಾವು ಬಿಟ್ಟದ್ದನ್ನೇ ಉಸಿರಾಡುತ್ತಾಳೆ. ನಾಲ್ಕಾರು ಅಶ್ವಶಕ್ತಿಗಾಗಿ ಅದನ್ನು ಒಪ್ಪಲು ನನ್ನಿಂದಾಗದು.

ಮ್ಯಾಪ್ ಇಲ್ಲದ ಪೈಪು

ಎಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕೆಂದು ಇಸಿಯು ತೀರ್ಮಾನಿಸುವುದು ಎರಡು ಬಗೆಯಲ್ಲಿ. ಐಡಲ್‌ನಲ್ಲಿ, ಹದವಾದ ಥ್ರಾಟಲ್‌ನಲ್ಲಿ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಅಳೆದು ಹೇಳಿದಂತೆ ತಿದ್ದಿಕೊಳ್ಳುತ್ತ, ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿಯ ಆಸುಪಾಸಿನಲ್ಲಿ ಇರುತ್ತದೆ. ಥ್ರಾಟಲ್ ಪೂರ್ತಿ ತಿರುವಿದಾಗ ಸೆನ್ಸರ್ ಮಾತು ಬಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಪಟ್ಟಿಯನ್ನೇ ಅನುಸರಿಸುತ್ತದೆ. ಆ ಪಟ್ಟಿ ಬರೆದಿರುವುದು ಸ್ಟಾಕ್ ಪೈಪಿಗೆ. ಹೊಸ ಫುಲ್ ಸಿಸ್ಟಮ್‌ನಲ್ಲಿ ಗಾಳಿ ಹೆಚ್ಚು ಹರಿದರೂ ಪೆಟ್ರೋಲ್ ಅಷ್ಟೇ ಬರುತ್ತದೆ. ಮಿಶ್ರಣ ಲೀನ್ ಆಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಶಕ್ತಿ ಹೆಚ್ಚುವ ಬದಲು ತಗ್ಗಲೂಬಹುದು. ಥ್ರಾಟಲ್ ಬಿಟ್ಟಾಗ ಪಟ್ ಪಟ್ ಎಂದು ಸಿಡಿಯುವುದನ್ನು ಹುಡುಗರು ರೇಸ್ ಗಾಡಿಯ ಲಕ್ಷಣ ಎಂದುಕೊಳ್ಳುತ್ತಾರೆ. ಬಹಳ ಸಲ ಅದು ಜಾಯಿಂಟ್‌ನಲ್ಲಿ ಗಾಳಿ ಸೋರುತ್ತಿರುವುದರ, ಉರಿಯದ ಪೆಟ್ರೋಲು ಪೈಪಿನಲ್ಲಿ ಹೊತ್ತಿಕೊಳ್ಳುತ್ತಿರುವುದರ ಸೂಚನೆ.

ಇದಕ್ಕೆ ಪರಿಹಾರ ಇಸಿಯು ಮರುಬರಹ ಅಥವಾ ಇಸಿಯು ಜೊತೆಗೆ ಕೂರಿಸುವ ಪಿಗ್ಗಿಬ್ಯಾಕ್ ಪೆಟ್ಟಿಗೆ. ಡೈನೋಜೆಟ್‌ನ ಪವರ್ ಕಮಾಂಡರ್ ಹಳೆಯ ಹೆಸರು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ನಮ್ಮ ಗಾಡಿಗಳಿಗೆಂದೇ ರೂಪುಗೊಂಡದ್ದು. ಯಾವುದನ್ನೇ ಕೂರಿಸಿದರೂ ಶಕ್ತಿ ಅಳೆಯುವ ಯಂತ್ರವಾದ ಡೈನೋ ಮೇಲೆ ಗಾಡಿ ಓಡಿಸಿ ತಿದ್ದಿದರೆ ಮಾತ್ರ ಅದಕ್ಕೆ ಅರ್ಥ. ಇನ್ಯಾರದೋ ಗಾಡಿಗೆ ಮಾಡಿದ ಮ್ಯಾಪನ್ನು ಪೆನ್‌ಡ್ರೈವ್‌ನಿಂದ ತುಂಬಿಸಿಕೊಂಡು ಬಂದರೆ ಪ್ರಯೋಜನವಿಲ್ಲ.

ಡೈನೋ ನಕ್ಷೆ ಓದುವಾಗ ಬೆಂಗಳೂರಿಗರು ಗಮನಿಸಬೇಕಾದ ವಿಷಯವೊಂದಿದೆ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ನೂರಕ್ಕೆ ಎಂಟೊಂಬತ್ತರಷ್ಟು ಕಡಿಮೆ. ಅದೇ ಗಾಡಿ ಚೆನ್ನೈನಲ್ಲಿ ಹೆಚ್ಚು ಶಕ್ತಿ ತೋರಿಸುತ್ತದೆ. ಡೈನೋ ಸಾಫ್ಟ್‌ವೇರ್ ಇದನ್ನು ಸರಿದೂಗಿಸಲು ಗುಣಕ ಬಳಸುತ್ತದೆ. ಆ ಗುಣಕ ಬದಲಿಸಿದರೆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಒಂದೇ ದಿನ, ಒಂದೇ ಡೈನೋ, ಒಂದೇ ಟೈರು, ಒಂದೇ ಗುಣಕದಲ್ಲಿ ತೆಗೆದ ಮೊದಲಿನ ಮತ್ತು ನಂತರದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಗರಿಷ್ಠ ಅಂಕಿಯನ್ನು ಬದಿಗಿಟ್ಟು 4,000ದಿಂದ 8,000ದ ನಡುವಿನ ಟಾರ್ಕ್ ಗೆರೆಯನ್ನು ಕೇಳಿ ಪಡೆಯಿರಿ. ಅದನ್ನು ತೋರಿಸಲು ಹಿಂಜರಿಯುವ ಅಂಗಡಿಯಿಂದ ಎದ್ದು ಬರುವುದು ಕ್ಷೇಮ.

ಲೋಹ, ಬೆಸುಗೆ, ಕಡಲಗಾಳಿ

ಟೈಟಾನಿಯಂ ಸೈಲೆನ್ಸರ್‌ನ ನೀಲಿ-ನೇರಳೆ ಬಣ್ಣಕ್ಕೆ ಮರುಳಾಗದವರು ಕಡಿಮೆ. ಬಿಸಿಗೆ ಮೇಲ್ಮೈಯಲ್ಲಿ ಬೆಳೆಯುವ ತೆಳುವಾದ ಆಕ್ಸೈಡ್ ಪದರದಲ್ಲಿ ಬೆಳಕು ಆಡುವ ಆಟ ಅದು. ಆದರೆ ಟೈಟಾನಿಯಂನ ನಿಜವಾದ ಗುಣ ತೂಕದ್ದು. ಘನ ಸೆಂಟಿಮೀಟರಿಗೆ 4.5 ಗ್ರಾಂ, ಉಕ್ಕಿನದು 8ರ ಹತ್ತಿರ. ಸ್ಲೊವೇನಿಯಾದ ಮಾಜಿ ರೇಸರ್ ಇಗೋರ್ ಅಕ್ರಪೊವಿಚ್ 1990ರ ದಶಕದ ಆರಂಭದಲ್ಲಿ ಕಟ್ಟಿದ ಕಂಪನಿ ಟೈಟಾನಿಯಂ ಎರಕವನ್ನು ತನ್ನಲ್ಲೇ ಮಾಡಿಕೊಳ್ಳುವ ಮಟ್ಟಕ್ಕೆ ಬೆಳೆದು, ವಿಶ್ವ ಚಾಂಪಿಯನ್‌ಷಿಪ್ ರೇಸುಗಳ ಪಿಟ್‌ಗಳಲ್ಲಿ ಖಾಯಂ ಹೆಸರಾಯಿತು. ಇಟಲಿಯ ಟರ್ಮಿನ್ಯೋನಿ, ಆ್ಯರೋ ಕೂಡ ರೇಸಿನಿಂದ ಬಂದವು. ಇವರ ಪೈಪುಗಳ ಬೆಲೆ ಹತ್ತಾರು ಸಾವಿರದಿಂದ ಲಕ್ಷಗಳವರೆಗೆ. ಸಾವಿರ ಸಿಸಿಯ ಗಾಡಿಗೆ, ಟ್ರ್ಯಾಕಿಗೆ ಹೋಗುವವರಿಗೆ ಆ ಬೆಲೆಗೆ ಸಮರ್ಥನೆಯಿದೆ. ಆರ್‌15ಗೋ ಡ್ಯೂಕ್ 390ಗೋ ಸ್ಟೇನ್‌ಲೆಸ್ ಸ್ಟೀಲ್ ಧಾರಾಳ ಸಾಕು; ಮಿಕ್ಕ ಹಣದಲ್ಲಿ ಒಳ್ಳೆಯ ಟೈರು ಬರುತ್ತದೆ. ಒಳ್ಳೆಯ ಟೈರಿನಿಂದ ಸಿಗುವ ವೇಗ ಯಾವ ಪೈಪಿನಿಂದಲೂ ಸಿಗದು.

ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯಲ್ಲಿ ಇರುವವರು ಲೋಹದ ದರ್ಜೆಯನ್ನು ಇನ್ನಷ್ಟು ಎಚ್ಚರದಿಂದ ಕೇಳಬೇಕು. ಅಗ್ಗದ ಸೈಲೆನ್ಸರ್‌ಗಳು ಸಾದಾ ಉಕ್ಕಿಗೆ ಕ್ರೋಮ್ ಬಳಿದವು. ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ಬೆಸುಗೆಯ ಸಾಲಿನಿಂದ ತುಕ್ಕು ಶುರುವಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಬಾಳಿಕೆ ಬರುತ್ತದೆ. 409 ದರ್ಜೆ ಬಿಸಿ ತಡೆಯುತ್ತದೆ, ಆದರೆ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾರ್ಬನ್ ಫೈಬರ್ ಹೊದಿಕೆ ನೋಡಲು ಚೆಂದ, ಕಾಲಿಗೆ ಬಿಸಿ ತಟ್ಟುವುದೂ ಕಡಿಮೆ. ಬಿದ್ದರೆ ಮಾತ್ರ ಒಡೆಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಕೆಲವು ಅಂಗಡಿಗಳ ಸಾಲಿನಲ್ಲಿ ಪ್ರಸಿದ್ಧ ಬ್ರ್ಯಾಂಡಿನ ಹೆಸರು ಹೊತ್ತ ಡಬ್ಬಿಗಳು ಕೆಲವೇ ಸಾವಿರಕ್ಕೆ ಸಿಗುತ್ತವೆ. ಅವು ‘ಫಸ್ಟ್ ಕಾಪಿ’. ಒಳಗೆ ತೂತು ಹೊಡೆದ ನೇರ ಕೊಳವೆ, ಸುತ್ತ ಒಂದು ತೆಳು ಸುತ್ತು ಗ್ಲಾಸ್ ವೂಲ್. ಸದ್ದನ್ನು ಹೀರಬೇಕಾದ ಆ ನಾರು ಕೆಲವೇ ತಿಂಗಳಲ್ಲಿ ಉರಿದು, ಉದುರಿ ಹಾರಿಹೋಗುತ್ತದೆ. ಆಮೇಲೆ ಉಳಿಯುವುದು ಖಾಲಿ ಡಬ್ಬಿ, ಕಿವಿಗಡಚಿಕ್ಕುವ ಸದ್ದು. ಅಸಲಿ ಸೈಲೆನ್ಸರ್‌ನಲ್ಲೂ ನಾರು ಸವೆಯುತ್ತದೆ, ಆದರೆ ರಿವೆಟ್ ಬಿಚ್ಚಿ ಹೊಸದು ತುಂಬಿಸಬಹುದು, ಬಿಡಿಭಾಗ ಸಿಗುತ್ತದೆ. ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ: ಅಲೆಯಲೆಯಾಗಿ ಒಂದೇ ಸಮ ಕೂತಿದ್ದರೆ ಟಿಗ್ ಬೆಸುಗೆ, ನುರಿತ ಕೈಯದು. ಉಂಡೆಯುಂಡೆಯಾಗಿದ್ದರೆ ಅಲ್ಲಿಂದಲೇ ಬಿರುಕು ಬಿಡುವುದು. ವಿದೇಶಿ ಹೆಸರಿನ ನಕಲಿಗಿಂತ ಬೆಂಗಳೂರಿನ ರೆಡ್ ರೂಸ್ಟರ್‌ನಂಥ ದೇಶಿ ತಯಾರಕರ ಅಸಲಿ ಮಾಲು ಎಷ್ಟೋ ವಾಸಿ.

ಸದ್ದಿನ ಪ್ರಶ್ನೆ

ಸದ್ದಿನ ಮೋಹವನ್ನು ನಾನು ಹೀಗಳೆಯುವುದಿಲ್ಲ. ಒಳ್ಳೆಯ ಎಂಜಿನ್ ಏರುತ್ತ ಹೋಗುವ ದನಿ ಸವಾರನ ಎದೆ ತುಂಬುತ್ತದೆ. ಆದರೆ ಆ ದನಿಯ ಜಾತಿ ಹುಟ್ಟುವುದು ಪೈಪಿನಲ್ಲಿ ಅಲ್ಲ, ಕ್ರ್ಯಾಂಕ್‌ನಲ್ಲಿ. ಸಿಲಿಂಡರ್ ಎಷ್ಟು, ಯಾವ ಅಂತರದಲ್ಲಿ ಒಂದಾದ ಮೇಲೊಂದು ಉರಿಯುತ್ತದೆ ಎಂಬುದು ಅದನ್ನು ತೀರ್ಮಾನಿಸುತ್ತದೆ. ನಿಂಜಾ 300ರ 180 ಡಿಗ್ರಿ ಕ್ರ್ಯಾಂಕ್‌ಗೂ ಏಪ್ರಿಲಿಯಾ ಆರ್‌ಎಸ್ 457ರ 270 ಡಿಗ್ರಿ ಕ್ರ್ಯಾಂಕ್‌ಗೂ ಎರಡೆರಡೇ ಸಿಲಿಂಡರ್, ದನಿ ಮಾತ್ರ ಪೂರ್ತಿ ಬೇರೆ. ಒಂಟಿ ಸಿಲಿಂಡರ್‌ನ ಆರ್‌ಸಿ 390ಗೆ ಎಷ್ಟು ಲಕ್ಷದ ಪೈಪು ಹಾಕಿದರೂ ಅದು ನಾಲ್ಕು ಸಿಲಿಂಡರ್‌ನ ಝಡ್‌ಎಕ್ಸ್-6ಆರ್‌ನಂತೆ ಕೂಗುವುದಿಲ್ಲ. ಸೈಲೆನ್ಸರ್ ಮಾಡಬಲ್ಲದ್ದು ಕೆಲವು ಸ್ವರಗಳನ್ನು ತಗ್ಗಿಸುವುದು, ಕೆಲವನ್ನು ಬಿಡುವುದು, ಅಷ್ಟೆ. ಒಳಗೆ ಕೋಣೆಗಳಿರುವ ಸೈಲೆನ್ಸರ್ ಕೆಳಸ್ವರವನ್ನು ಚೆನ್ನಾಗಿ ತಡೆಯುತ್ತದೆ, ನಾರು ತುಂಬಿದ್ದು ಕಿರುಚುವ ಮೇಲ್ಸ್ವರವನ್ನು ಹೀರುತ್ತದೆ. ಮೆಚ್ಚುವಂಥ ಗಂಭೀರ ದನಿ ಬರುವುದು ಮೇಲ್ಸ್ವರ ಸೋಸಿದಾಗ. ಅದಕ್ಕೆ ಜೋರು ಸದ್ದಿನ ಅಗತ್ಯವಿಲ್ಲ.

ಡೆಸಿಬಲ್ ಲೆಕ್ಕ ಮೋಸದ್ದು. 80ರಿಂದ 90ಕ್ಕೆ ಹೋದರೆ ಹತ್ತು ಹೆಚ್ಚಾದಂತೆ ಕಾಣುತ್ತದೆ. ಶಬ್ದದ ಶಕ್ತಿ ಹತ್ತು ಪಟ್ಟಾಗಿರುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. 175 ಸಿಸಿ ಮೀರಿದ ಬೈಕುಗಳಿಗೆ ಪರಿಸರ ಸಂರಕ್ಷಣಾ ನಿಯಮಗಳು ತಯಾರಿಕೆಯ ಹಂತದಲ್ಲಿ ವಿಧಿಸಿದ ಮಿತಿ 80 ಡೆಸಿಬಲ್. 80ರಿಂದ 175 ಸಿಸಿಯವರೆಗೆ 77. ಸದ್ದು ತಗ್ಗಿಸಲೆಂದು ಹೊಸ ಸೈಲೆನ್ಸರ್ ಜೊತೆ ‘ಡಿಬಿ ಕಿಲ್ಲರ್’ ಎಂಬ ಚಿಕ್ಕ ಕೊಳವೆ ಇಟ್ಟು ಕೊಡುತ್ತಾರೆ. ಹೆಚ್ಚಿನವರು ಮೊದಲ ದಿನವೇ ಅದರ ಬೋಲ್ಟ್ ಬಿಚ್ಚಿ ತೆಗೆದಿಡುತ್ತಾರೆ. ಅದಿಲ್ಲದೆ ಟ್ಯೂನ್ ಮಾಡಿಸಿರದ ಗಾಡಿ ಅದನ್ನು ತೆಗೆದ ಮೇಲೆ ಓಟದಲ್ಲಿ ಸುಧಾರಿಸುವುದು ಅಪರೂಪ.

ಕಾನೂನು ಈ ವಿಷಯದಲ್ಲಿ ಸಡಿಲವಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2), 2019ರ ತಿದ್ದುಪಡಿಯ ನಂತರ, ಶಬ್ದ ಮತ್ತು ವಾಯು ಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸುವವರಿಗೆ ಮೊದಲ ಸಲ 3 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ, ಜೊತೆಗೆ 3 ತಿಂಗಳ ಲೈಸೆನ್ಸ್ ಅನರ್ಹತೆಯನ್ನು ಹೇಳುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಸೆಕ್ಷನ್ 182ಎ(4) ಮಾಲೀಕನಿಗೆ 6 ತಿಂಗಳವರೆಗೆ ಸೆರೆ ಅಥವಾ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಕಾರ್ಖಾನೆಯ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಪೈಪಿನ ಮೇಲೆ ಯುರೋಪಿನ ಇ-ಮಾರ್ಕ್ ಇದ್ದರೆ ಅದು ಆ ದೇಶಗಳ ಪರೀಕ್ಷೆ ದಾಟಿದೆ ಎಂಬುದರ ಗುರುತು. ಇಲ್ಲಿನ ಪೊಲೀಸರಿಗೆ ತೋರಿಸುವ ಪರವಾನಗಿಯಲ್ಲ. ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ದೃಶ್ಯ ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇ. ರಸ್ತೆಯ ಗಾಡಿಗೆ ಕಾನೂನಿನ ಕಡೆಯಿಂದ ಪೂರ್ತಿ ನಿಶ್ಚಿಂತೆ ಬೇಕೆಂದರೆ ಸ್ಟಾಕ್ ಸೈಲೆನ್ಸರ್ ಒಂದೇ ದಾರಿ. ಬದಲಿಸಲೇಬೇಕೆಂದರೆ ಕ್ಯಾಟ್ ಉಳಿಸಿ, ಸ್ಟಾಕ್‌ನಷ್ಟೇ ಮೆಲ್ಲಗಿರುವ ಸ್ಲಿಪ್-ಆನ್‌ಗಿಂತ ಮುಂದೆ ಹೋಗುವುದು ಸಲ್ಲ. ಅದರಲ್ಲೂ ವಾರಂಟಿ ಮತ್ತು ಇನ್ಶೂರೆನ್ಸ್ ತಕರಾರಿನ ಅಪಾಯ ಕೊಂಡವರ ತಲೆಯ ಮೇಲೇ ಇರುತ್ತದೆ.

‘ಜೋರು ಸದ್ದಿದ್ದರೆ ಕಾರಿನವರು ಎಚ್ಚರವಾಗುತ್ತಾರೆ, ಜೀವ ಉಳಿಯುತ್ತೆ’ ಎನ್ನುವವರಿದ್ದಾರೆ. ಪೈಪಿನ ಬಾಯಿ ಹಿಂದಕ್ಕಿದೆ. ಅಪಾಯ ಹೆಚ್ಚಾಗಿ ಬರುವುದು ಮುಂದಿನಿಂದ, ಅಡ್ಡರಸ್ತೆಯಿಂದ. ಕಿಟಕಿ ಏರಿಸಿ, ಎಸಿ ಹಾಕಿ, ಹಾಡು ಕೇಳುತ್ತಿರುವವರಿಗೆ ನಮ್ಮ ಸದ್ದು ತಿಳಿಯುವ ಹೊತ್ತಿಗೆ ನಾವು ಅವರನ್ನು ದಾಟಿರುತ್ತೇವೆ. ಸದ್ದು ಪೂರ್ತಿ ತಲುಪುವುದು ಹಿಂದೆ ಉಳಿದವರಿಗೆ: ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ದಾರಿಯ ಹಳ್ಳಿಗಳಲ್ಲಿ ಮಲಗಿರುವವರಿಗೆ, ಕುದುರೆಮುಖದ ಕಾಡಿನ ರಸ್ತೆಯ ಇಕ್ಕೆಲದ ಪ್ರಾಣಿಗಳಿಗೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಬೆಂಗಳೂರಿನ ಯಾವ ಮುಖ್ಯರಸ್ತೆಯಲ್ಲಿ ಹೋದರೂ ಅಂಥ ಜಾಗ ದಾಟದೆ ಇರಲಾಗದು.

ತೆರೆದ ಪೈಪಿನ ಫುಲ್ ಸಿಸ್ಟಮ್‌ಗೆ ಸರಿಯಾದ ಜಾಗವೂ ಇದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎರಡೂ ಬೆಂಗಳೂರಿನಿಂದ ಒಂದು ದಿನದ ಹಾದಿ. 3.7 ಕಿಲೋಮೀಟರ್ ಉದ್ದದ ಚೆನ್ನೈ ಟ್ರ್ಯಾಕಿನಲ್ಲಿ ಗಾಡಿ ಸುತ್ತಿನ ಬಹುಪಾಲು 8,000ದ ಮೇಲೇ ಇರುತ್ತದೆ. ಮೇಲಿನ ಆರ್‌ಪಿಎಂಗೆ ಹೊಂದಿಸಿದ ಪೈಪು, ಡೈನೋ ಮೇಲೆ ತಿದ್ದಿದ ಮ್ಯಾಪು ಅಲ್ಲಿ ಪೂರ್ತಿ ಫಲ ಕೊಡುತ್ತವೆ. ಸೈಲೆನ್ಸರ್‌ಗೆ ದೊಡ್ಡ ಹಣ ಹಾಕುವ ಆಸೆಯಿದ್ದವರು ಮೊದಲು ಒಂದು ಟ್ರ್ಯಾಕ್ ಡೇಗೆ ಸ್ಟಾಕ್ ಗಾಡಿಯನ್ನೇ ಒಯ್ದು ನೋಡಲಿ. ತನಗೆ ಕಡಿಮೆ ಬೀಳುತ್ತಿರುವುದು ಶಕ್ತಿಯೋ, ಬ್ರೇಕೋ, ಕಲಿಕೆಯೋ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ಹೊಸ ಸೈಲೆನ್ಸರ್ ಕೂರಿಸುವ ಕೆಲಸ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹಳೆಯ ಗ್ಯಾಸ್ಕೆಟ್ ಮತ್ತೆ ಬಳಸಬಾರದು. ಸೋರಿಕೆಯ ಮೊದಲ ಜಾಗ ಅದೇ. ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಕೂರಿಸಿ, ಪೈಪು ತಾನಾಗಿ ನೇರ ನಿಂತ ಮೇಲೆ ಎಂಜಿನ್ ಕಡೆಯಿಂದ ಬಿಗಿಯುತ್ತ ಬರಬೇಕು. ಎಳೆದು ಬಗ್ಗಿಸಿ ಬಿಗಿದ ಪೈಪು ಬೆಸುಗೆಯಲ್ಲಿ ಸೀಳುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಬೆರಳ ಗುರುತುಗಳನ್ನು ಒರೆಸಬೇಕು, ಇಲ್ಲವಾದರೆ ಕೈಯ ಎಣ್ಣೆ ಸುಟ್ಟು ಲೋಹದ ಮೇಲೆ ಕಲೆಯಾಗಿ ನಿಲ್ಲುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ನೋಡಬೇಕು. ಬಿಸಿಗೆ ಹಿಗ್ಗಿ ಕುಗ್ಗಿದ ಲೋಹ ಹಿಡಿತ ಸಡಿಲಿಸಿರುತ್ತದೆ.

ಕಳಚಿದ ಸ್ಟಾಕ್ ಸೈಲೆನ್ಸರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಅದರೊಳಗಿನ ಕ್ಯಾಟ್‌ನಲ್ಲಿ (ಇದ್ದರೆ) ಬೆಲೆಬಾಳುವ ಲೋಹವಿರುತ್ತದೆ, ಗುಜರಿಯವರಿಗೆ ಅದು ಚೆನ್ನಾಗಿ ಗೊತ್ತು. ಮನೆಗೆ ತಂದು, ಒಳಗಿನ ನೀರು ಆರುವವರೆಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಆಮೇಲೆ ಎರಡೂ ಬಾಯಿಗೆ ಬಟ್ಟೆ ತುರುಕಿ, ಬೋಲ್ಟು, ಬುಶ್, ಹೀಟ್ ಶೀಲ್ಡ್ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಅದರ ಜೊತೆಗೇ ಇಡಿ. ಶೋರೂಮಿನ ವಾರಂಟಿ ಕೆಲಸಕ್ಕೆ, 15 ವರ್ಷಕ್ಕೆ ಆರ್‌ಸಿ ನವೀಕರಣದ ತಪಾಸಣೆಗೆ, ಮಾರುವಾಗ ಒಳ್ಳೆಯ ಬೆಲೆಗೆ ಅದು ಬೇಕೇ ಬೇಕಾಗುತ್ತದೆ.